ಕಿಲುಬು ಹೇಳೋ ಮಾತು

ತೋಟಾ ತೊಳೆಯೋ ವಿಡಿಯೋ ನೋಡಿದ್ದೀರಾ? ನಾನು ಬೇಕಾದಷ್ಟು ನೋಡಿದ್ದೀನಿ. ಅಮೆರಿಕದ ಯಾವುದೋ ಊರಿನ ಗ್ಯಾರೇಜು. ಒಂದು ಬಕೆಟ್ ತುಂಬ ಹೊಡೆದು ಮುಗಿದ ರೈಫಲ್ ತೋಟಾಗಳು, ಮೈಯೆಲ್ಲ ಮಣ್ಣು, ಮಸಿ, ಕಿಲುಬು. ಮಾತಿಲ್ಲ, ಮುಖ ಇಲ್ಲ, ಎರಡು ಕೈ ಮಾತ್ರ. ಡ್ರಮ್ಮಿಗೆ ಸುರೀತಾರೆ, ಗರಗರ ತಿರುಗಿಸ್ತಾರೆ, ಸೋಸ್ತಾರೆ. ಕೊನೆಗೆ ಟವೆಲ್ ಮೇಲೆ ಥಳಥಳ ಹೊಳೆಯೋ ಹಿತ್ತಾಳೆಯ ರಾಶಿ. ಮುಗೀತು.

ಆಫೀಸ್ ಮುಗಿಸಿ ತಲೆ ಕಾದಿರುವ ರಾತ್ರಿಗಳಲ್ಲಿ ಇದು ಹಿತವಾಗಿರುತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಸಿನಿಮಾನ ವಿಮರ್ಶೆ ಮಾಡೋ ಹಾಗೆ ಇದನ್ನೂ ಮಾಡೋದಾದ್ರೆ ನನ್ನದೊಂದು ದೊಡ್ಡ ತಕರಾರಿದೆ. ಈ ವಿಡಿಯೋಗಳು ಒಂದು ಎಚ್ಚರದ ಕಸುಬನ್ನು ಹೊಳಪಿಗೆ ಮಾರಿಬಿಟ್ಟಿವೆ.

ಮೊದಲು ಕಸುಬು ಏನು ಅಂತ ಹೇಳ್ತೀನಿ. ಒಂದು ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಹೊತ್ತಿಸೋ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಹೊಡೆದ ಮೇಲೆ ಮದ್ದು ಉರಿದುಹೋಗುತ್ತೆ, ಗುಂಡು ಹಾರಿಹೋಗುತ್ತೆ, ಪ್ರೈಮರ್ ಕೆಲಸ ಮುಗಿಯುತ್ತೆ. ಉಳಿಯೋದು ಕೊಳವೆ. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಅದನ್ನು ತೊಳೆದು, ಡೈಯಲ್ಲಿ ಒತ್ತಿ ಹಳೇ ಅಳತೆಗೆ ತಂದು, ಮಿಕ್ಕ ಮೂರನ್ನೂ ಹೊಸದಾಗಿ ತುಂಬಿದರೆ ಮತ್ತೆ ಬಳಸಬಹುದು. ಇದೇ ರೀಲೋಡಿಂಗ್. ಅಮೆರಿಕದಲ್ಲಿ ಗುರಿ ಅಭ್ಯಾಸದವರು, ಬೇಟೆಯವರು ದುಡ್ಡು ಉಳಿಸೋಕೆ, ತಮ್ಮ ರೈಫಲ್ಲಿಗೆ ಸರಿಹೊಂದೋ ತೋಟಾ ಮಾಡಿಕೊಳ್ಳೋಕೆ ಇದನ್ನು ಮನೆಯಲ್ಲೇ ಮಾಡ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋ ಹಾಗಿಲ್ಲ. ಹಾಗಾಗಿ ನಮ್ಮಂಥವರಿಗೆ ಇದು ನೋಡಿ ಸುಮ್ಮನಾಗೋ ಸಂಗತಿ.

ತೊಳೆಯೋಕೆ ಮುಖ್ಯವಾಗಿ ಎರಡು ದಾರಿ. ಒಂದು ಒಣ ದಾರಿ: ಅಕ್ರೋಟಿನ ಚಿಪ್ಪಿನ ಪುಡಿ, ಇಲ್ಲಾಂದ್ರೆ ಮೆಕ್ಕೆಜೋಳದ ದಿಂಡಿನ ಪುಡಿ ಹಾಕಿ ಗಂಟೆಗಟ್ಟಲೆ ಅಲುಗಾಡಿಸೋದು. ಇನ್ನೊಂದು ಒದ್ದೆ ದಾರಿ: ನೀರು, ಪಾತ್ರೆ ಸೋಪು, ಚಿಟಿಕೆ ಸಿಟ್ರಿಕ್ ಆಸಿಡ್, ಜೊತೆಗೆ ಸೂಜಿಯಂಥ ಸಣ್ಣ ಸ್ಟೀಲ್ ಕಡ್ಡಿಗಳು. ಇದು ನಮಗೆ ಪರಕೀಯ ಏನಲ್ಲ. ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ದೀಪದ ಕಂಬ ಬೆಳಗೋದನ್ನ ನೋಡಿದವರಿಗೆಲ್ಲ ಗೊತ್ತು, ಹುಳಿ ಬಿದ್ದ ಕೂಡಲೇ ಕಿಲುಬು ಬಿಡುತ್ತೆ. ಸಿಟ್ರಿಕ್ ಆಸಿಡ್ ಮಾಡೋದೂ ಅದನ್ನೇ. ಈ ವಿಡಿಯೋ ನಮ್ಮನ್ನ ಹಿಡಿದು ಕೂರಿಸೋದಕ್ಕೆ ಅರ್ಧ ಕಾರಣ ಈ ಹಳೇ ಪರಿಚಯವೇ ಇರಬೇಕು.

ಆದರೆ ದೀಪದ ಕಂಬ ಹೊಳೆಯೋದಕ್ಕೇ ಇರೋದು. ತೋಟಾ ಹಾಗಲ್ಲ. ಅದನ್ನ ತೊಳೆಯೋಕೆ ಕಾರಣ ಬೇರೆ. ಮರಳು, ಮಸಿ ಉಳಿದರೆ ಡೈಯ ಒಳಮೈ ಗೀರಿಹೋಗುತ್ತೆ, ಆಮೇಲೆ ಆ ಡೈ ಪ್ರತಿಯೊಂದು ತೋಟಾವನ್ನೂ ಗೀರುತ್ತೆ. ಕೊಳೆ ಇದ್ದರೆ ಸಣ್ಣ ಬಿರುಕೂ ಕಣ್ಣಿಗೆ ಬೀಳಲ್ಲ. ಇಷ್ಟಕ್ಕೆ ಬೇಕಾದ ಶುಚಿ, ಹೊಳಪು ಬರೋದಕ್ಕಿಂತ ಎಷ್ಟೋ ಮೊದಲೇ ಬಂದಿರುತ್ತೆ. ಮಂಕಾಗಿರೋ ಆದರೆ ಶುಚಿಯಾಗಿರೋ ಹಿತ್ತಾಳೆ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತೆ. ಅಲ್ಲಿಂದ ಮುಂದಿನದೆಲ್ಲ ಕ್ಯಾಮೆರಾಕ್ಕೆ. ನಮ್ಮ ಆಫೀಸ್ ಭಾಷೇಲಿ ಹೇಳೋದಾದ್ರೆ, ಟೆಸ್ಟಿಂಗ್ ಬಿಟ್ಟು ಡೆಮೊ ಕೊಟ್ಟ ಹಾಗೆ.

ಕ್ಯಾಮೆರಾಕ್ಕೆ ಅಂದ್ರೆ ಇರಲಿ ಬಿಡಿ ಅನ್ನಬಹುದಿತ್ತು. ಕಷ್ಟ ಏನಂದ್ರೆ ಈ ಉಜ್ಜಾಟದಲ್ಲಿ ಓದಬೇಕಾದ ಗುರುತುಗಳೂ ಅಳಿಸಿಹೋಗ್ತವೆ. ತೋಟಾದ ಕುತ್ತಿಗೆ ಪ್ರತಿ ಸಲ ಹಿಗ್ಗಿ ಕುಗ್ಗಿ ಪೆಡಸಾಗುತ್ತೆ. ಅದನ್ನ ಮೆತ್ತಗೆ ಮಾಡೋಕೆ ಹದವಾಗಿ ಕಾಯಿಸ್ತಾರೆ, ಅದಕ್ಕೆ ಅನೀಲಿಂಗ್ ಅಂತಾರೆ. ಕಾಯಿಸಿದ ಜಾಗದಲ್ಲಿ ನೀಲಿ, ಕಂದು ಬೆರೆತ ಒಂದು ಪಟ್ಟಿ ಉಳಿಯುತ್ತೆ. ಅಮೆರಿಕದ ಸೇನೆಯ ತೋಟಾಗಳಲ್ಲಿ ಆ ಪಟ್ಟಿಯನ್ನ ಹಾಗೇ ಬಿಡ್ತಾರೆ, ಕಾಯಿಸಿದ್ದಕ್ಕೆ ಅದೇ ಸಾಕ್ಷಿ ಅಂತ. ಅಂಗಡಿಗೆ ಬರೋ ಎಷ್ಟೋ ತೋಟಾಗಳಲ್ಲಿ ಅದನ್ನ ಉಜ್ಜಿ ತೆಗೆದಿರ್ತಾರೆ, ಕೊಳ್ಳೋರಿಗೆ ಕಲೆ ಅನ್ನಿಸಬಾರದು ಅಂತ. ನಮ್ಮ ವಿಡಿಯೋಗಳು ಈ ಪಟ್ಟಿಯನ್ನ 'ಮೊದಲು' ಅನ್ನೋ ಚಿತ್ರದಲ್ಲಿ ಕೊಳೆ ಅಂತಲೇ ತೋರಿಸ್ತವೆ. ಹೊಳಪಿನ ಆಸೆಗೆ ಹುಳಿಯಲ್ಲಿ ತುಂಬ ಹೊತ್ತು ಬಿಟ್ಟರೆ ಇನ್ನೊಂದು ಫಜೀತಿ: ಮೇಲ್ಮೈಯ ಸತು ಕರಗಿ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಆ ದೃಶ್ಯ ಎಡಿಟಿಂಗಲ್ಲಿ ಹೋಗಿರುತ್ತೆ.

ಇನ್ನು ಪಾಲಿಶ್ ವಿಷಯ. ಕೆಲವು ಲೋಹದ ಪಾಲಿಶುಗಳಲ್ಲಿ ಅಮೋನಿಯಾ ಇರುತ್ತೆ. ಹೂದಾನಿಗೆ ಹಚ್ಚಿದರೆ ತೊಂದರೆ ಇಲ್ಲದಿರಬಹುದು. ತೋಟಾಕ್ಕೆ ಹಚ್ಚಬಾರದು ಅನ್ನೋ ಪಾಠ ಹುಟ್ಟಿದ್ದು ನಮ್ಮ ನೆಲದಲ್ಲೇ. ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ತೋಟಾಗಳನ್ನ ಕುದುರೆ ಲಾಯಗಳಲ್ಲಿ ಇಡ್ತಿತ್ತು. ಮಳೆ ಮುಗಿದು ತೆಗೆದು ನೋಡಿದರೆ ಎಷ್ಟೋ ತೋಟಾಗಳು ಬಿರುಕು ಬಿಟ್ಟಿದ್ವು, ಅದರಲ್ಲೂ ಗುಂಡನ್ನ ಅದುಮಿ ಹಿಡಿದ ಬಾಯಿಯ ಹತ್ತಿರ. ಇದಕ್ಕೆ 'ಸೀಸನ್ ಕ್ರ್ಯಾಕಿಂಗ್' ಅಂತ ಹೆಸರು ಬಿತ್ತು. 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಅನ್ನೋ ಮೂವರು ಕಾರಣ ವಿವರಿಸಿದರು. ಕುದುರೆ ಗಂಜಲದ ಅಮೋನಿಯಾ, ಎಳೆದು ಒತ್ತಿ ಮಾಡಿದ ಹಿತ್ತಾಳೆಯ ಒಳಗೆ ಉಳಿದ ಬಿಗಿತ, ಎರಡೂ ಸೇರಿ ಲೋಹ ಸೀಳಿತ್ತು. ನೂರು ವರ್ಷದ ಹಿಂದೆ ಬಿಡಿಸಿದ ಈ ಗಂಟನ್ನ ಗೊತ್ತಿರೋ ರೀಲೋಡರುಗಳು ಪಾಲಿಶ್ ಡಬ್ಬಿಯ ಮೇಲೆ 'ಅಮೋನಿಯಾ ಇಲ್ಲ' ಅಂತ ಇದೆಯಾ ಅಂತ ಮೊದಲು ನೋಡ್ತಾರೆ. ನಾನು ನೋಡಿದ ವಿಡಿಯೋಗಳಲ್ಲಿ ಆ ಡಬ್ಬಿಯನ್ನ ಯಾರೂ ತಿರುಗಿಸಿ ಓದಿದ್ದಿಲ್ಲ.

ನನಗೆ ನಿಜಕ್ಕೂ ಸಿಟ್ಟು ಬರೋದು ಧೂಳಿನ ದೃಶ್ಯಕ್ಕೆ. ಸಾಮಾನ್ಯ ಪ್ರೈಮರಿನಲ್ಲಿ ಸೀಸದ ಸಂಯುಕ್ತ ಇರುತ್ತೆ. ಉರಿದ ಮೇಲೆ ಅದರ ಶೇಷ ಕೊಳವೆಯ ಒಳಗೆ ಅಂಟಿರುತ್ತೆ. ಒಣ ದಾರಿಯಲ್ಲಿ ಅಲುಗಾಡಿಸಿದಾಗ ಅದೆಲ್ಲ ಪುಡಿಗೆ ಸೇರುತ್ತೆ, ಮುಚ್ಚಳ ತೆಗೆದು ಜರಡಿ ಹಿಡಿದ ಕೂಡಲೇ ಗಾಳಿಗೆ. ಮಕ್ಕಳ ರಕ್ತದಲ್ಲಿ ಸೀಸ ಇಷ್ಟಿದ್ದರೆ ಅಪಾಯ ಇಲ್ಲ ಅನ್ನೋ ಒಂದು ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ತಿಳಿದವರು ಮನೆಯ ಹೊರಗೆ, ಮಾಸ್ಕ್ ಹಾಕಿ, ಕೈಗವಸು ತೊಟ್ಟು ಮಾಡ್ತಾರೆ, ಇಲ್ಲವೇ ಒದ್ದೆ ದಾರಿ ಹಿಡಿದು ಆ ಕಪ್ಪು ನೀರನ್ನ ಜೋಪಾನವಾಗಿ ವಿಲೇವಾರಿ ಮಾಡ್ತಾರೆ. ವಿಡಿಯೋದಲ್ಲಿ ಕಿಟಕಿ ಬೆಳಕಲ್ಲಿ ಆ ಧೂಳು ತೇಲೋದನ್ನ ಸ್ಲೋ ಮೋಷನ್ನಲ್ಲಿ ತೋರಿಸ್ತಾರೆ. ಬರಿಗೈ, ಪಕ್ಕದಲ್ಲಿ ಕಾಫಿ ಮಗ್ಗು. ಚೆಂದದ ಶಾಟ್, ಒಪ್ತೀನಿ. ಅದನ್ನ ನೋಡಿ ಯಾರೋ ತಮ್ಮ ಅಡುಗೆಮನೆ ಕಟ್ಟೆ ಮೇಲೆ ಇದನ್ನೇ ಮಾಡಿದರೆ, ಆ ಮನೇಲಿ ಅಂಬೆಗಾಲಿಡೋ ಮಗು ಇದ್ದರೆ?

ಮತ್ತೊಂದು ಸಂಗತಿ ಈ ವಿಡಿಯೋಗಳಲ್ಲಿ ಕಾಣಲ್ಲ: ಬಂದೂಕು. ಈ ತೋಟಾಗಳು ಎಲ್ಲಿ, ಯಾವುದಕ್ಕೆ ಗುರಿಯಿಟ್ಟು ಹೊಡೆದದ್ದು? ಕಾಗದದ ಗುರಿಗೋ, ಜಿಂಕೆಗೋ? ಮುಂದೆ ಯಾವುದಕ್ಕೆ? ವಿಡಿಯೋ ಶುರುವಾಗೋದೇ ಬಕೆಟ್ಟಿನಿಂದ, ಮುಗಿಯೋದು ಟವೆಲ್ ಮೇಲೆ. ಹಿಂದೂ ಇಲ್ಲ, ಮುಂದೂ ಇಲ್ಲ. ಹೀಗೆ ನೋಡ್ತಾ ನೋಡ್ತಾ ತೋಟಾ ಕೂಡ ಚಮಚ, ಲೋಟದಂಥ ಒಂದು ಮನೆಸಾಮಾನು ಆಗಿಬಿಡುತ್ತೆ. 223 ರೆಮಿಂಗ್ಟನ್ ಅನ್ನೋ ಮಾಮೂಲಿ ರೈಫಲ್ ತೋಟಾ ತಡೆಯಬೇಕಾದ ಒತ್ತಡ ಚದರ ಇಂಚಿಗೆ 55,000 ಪೌಂಡಿನವರೆಗೆ ಹೋಗಬಹುದು. ಅದೂ ಹೊಡೆಯೋರ ಕೆನ್ನೆಯಿಂದ ಕೆಲವೇ ಇಂಚು ದೂರದಲ್ಲಿ. ಹಿತ್ತಾಳೆ ಅಲ್ಲಿ ಕೈಕೊಟ್ಟರೆ ಬಿಸಿ ಗಾಳಿ ಮುಖದ ಕಡೆಗೇ ನುಗ್ಗಬಹುದು.

ಹಾಗಾದ್ರೆ ಒಳ್ಳೆ ವಿಡಿಯೋ ಹೇಗಿರಬೇಕು? ಡ್ರಮ್ ನಿಂತ ಮೇಲೆ ಶುರುವಾಗಬೇಕು ಅಂತ ನನ್ನ ಅಭಿಪ್ರಾಯ. ಯಾಕಂದ್ರೆ ನಿಜವಾದ ಕೆಲಸ ಅಲ್ಲಿಂದಲೇ. ಒಂದೊಂದೇ ತೋಟಾ ಬೆಳಕಿಗೆ ಹಿಡಿದು ತಿರುಗಿಸಿ ನೋಡ್ತಾರೆ. ಕುತ್ತಿಗೆಯಲ್ಲಿ ಕೂದಲೆಳೆ ಬಿರುಕು ಇದೆಯಾ? ಪ್ರೈಮರ್ ಗುಂಡಿ ಸಡಿಲ ಆಗಿದೆಯಾ? ಹೊಡೆದಾಗಲೆಲ್ಲ ಹಿತ್ತಾಳೆ ಸ್ವಲ್ಪ ಸ್ವಲ್ಪ ಹಿಗ್ಗಿ, ಬುಡಕ್ಕಿಂತ ತುಸು ಮೇಲೆ ಒಳಗಡೆ ತೆಳುವಾಗ್ತಾ ಬರುತ್ತೆ. ಅದು ಹೊರಗಿನ ಯಾವ ಹೊಳಪಿಗೂ ಸಿಗಲ್ಲ. ತುದಿ ಬಗ್ಗಿಸಿದ ಪೇಪರ್ ಕ್ಲಿಪ್ಪನ್ನ ಒಳಗೆ ಬಿಟ್ಟು ಗೋಡೆ ಸವರಿದರೆ ಆ ಜಾಗದಲ್ಲಿ ತಂತಿ ತಟಕ್ ಅಂತ ಸಿಕ್ಕಿಕೊಳ್ಳುತ್ತೆ. ಸಿಕ್ಕಿಕೊಂಡರೆ ಆ ತೋಟಾದ ಆಯಸ್ಸು ಮುಗೀತು. ಇಕ್ಕಳದಲ್ಲಿ ಬಾಯಿ ಜಜ್ಜಿ, ಯಾರೂ ಮತ್ತೆ ಬಳಸದ ಹಾಗೆ ಮಾಡಿ ಗುಜರಿ ಡಬ್ಬಿಗೆ ಹಾಕ್ತಾರೆ.

ಆ ಗುಜರಿ ಡಬ್ಬಿಯನ್ನ ನಾನು ನೋಡಬೇಕು. ಅದರಲ್ಲಿ ಬಿದ್ದಿರೋ ಎಷ್ಟೋ ತೋಟಾ ಟವೆಲ್ ಮೇಲಿರೋದರಷ್ಟೇ ಹೊಳೀತಿರುತ್ತೆ. ಯಾಕೆ ಬಿಸಾಕಿದ್ರಿ ಅಂತ ಆ ಎರಡು ಕೈಗಳು ಒಂದು ಸಲ ಬಾಯಿಬಿಟ್ಟು ಹೇಳಿದರೆ, ಆ ವಿಡಿಯೋ ಎಷ್ಟು ಉದ್ದ ಇದ್ದರೂ ನಾನು ಸ್ಕಿಪ್ ಮಾಡದೆ ನೋಡ್ತೀನಿ.