ಮುಕ್ತಪಾಠವೂ ಗ್ರಂಥವಿಕ್ರಯವೂ

ಬ್ರಹ್ಮಗಿರಿಯ ಅಶೋಕಶಾಸನವನ್ನು ಓದಲು ಯಾರೂ ಬೆಲೆ ತೆರಬೇಕಾಗಿಲ್ಲ. ಆದರೂ ಅದರ ಶುದ್ಧಪಾಠ, ಅನುವಾದ, ಟಿಪ್ಪಣಿಗಳನ್ನು ಕೂಡಿಸಿಕೊಟ್ಟ ಗ್ರಂಥಕ್ಕೆ ಬೆಲೆಯುಂಟು. 2014ರಲ್ಲಿ ನಿರಂಜನರ ಕೃತಿಗಳು ಮುಕ್ತಪರವಾನಗಿಯಿಂದ ಲೋಕಾರ್ಪಣಗೊಂಡವು. ಇದರಿಂದ ಪ್ರಕಾಶಕರಿಗೆ ನಷ್ಟವಾಗದೆ? ಈ ಶಂಕೆ ನಿರಾಧಾರವಲ್ಲ. ಕರ್ತೃವಿನ ಹೆಸರನ್ನು ಹೇಳಿ, ಅದೇ ಪರವಾನಗಿಯನ್ನು ಉಳಿಸಿಕೊಂಡರೆ, ಯಾರು ಬೇಕಾದರೂ ಅವನ್ನು ಅಚ್ಚುಹಾಕಿ ಮಾರಬಹುದು. ಏಕಸ್ವಾಮ್ಯವೊಂದನ್ನೇ ನಂಬಿದ ಪ್ರಕಾಶಕನಿಗೆ ಇದು ಹಾನಿಯೇ ಸರಿ. ಆದರೆ ‘ರಂಗಮ್ಮನ ವಠಾರ’ದ ನಾಲ್ಕು ಪುಟಗಳನ್ನು ವಿಕಿಸೋರ್ಸ್‌ನಲ್ಲಿ ಓದಿ ರುಚಿಗಂಡವನು, ಮನೆಯ ಕಪಾಟಿಗೂ ಒಂದು ಪ್ರತಿಯನ್ನು ಬಯಸಿಯಾನು. ಒಳ್ಳೆಯ ಕಾಗದ, ದೋಷವಿಲ್ಲದ ಅಚ್ಚು, ಗಟ್ಟಿಯಾದ ರಟ್ಟು, ವಿವೇಕದ ಪೀಠಿಕೆ ಇವುಗಳನ್ನು ಒದಗಿಸಬಲ್ಲ ಪ್ರಕಾಶಕನಿಗೆ ಮುಕ್ತಪಾಠವೇ ಜಾಹೀರಾತು. ಅಂಗಡಿಯಲ್ಲಿಯೂ ದೊರೆಯದ, ಹಂಚುವುದಕ್ಕೂ ಅನುಮತಿಯಿಲ್ಲದ ಪುಸ್ತಕಕ್ಕೆ ಕೊಳ್ಳುವವನೂ ಇಲ್ಲ, ಓದುವವನೂ ಇಲ್ಲ. ನಿಜವಾದ ನಷ್ಟವೆಂದರೆ ಅದೇ.