ಕಾರಿನ ಬೆನ್ನೇರಿದ ಸೈಕಲ್ಲು

ಶನಿವಾರ ಬೆಳಗಿನ ಜಾವ ಐದು ಗಂಟೆಗೆ ಹೆಬ್ಬಾಳದ ಮೇಲ್ಸೇತುವೆ ಇಳಿದು ಬಳ್ಳಾರಿ ರಸ್ತೆ ಹಿಡಿಯುವ ಕಾರುಗಳಲ್ಲಿ ಕೆಲವು ಬೆನ್ನ ಮೇಲೆ ಸೈಕಲ್ಲು ಹೊತ್ತಿರುತ್ತವೆ, ಇನ್ನು ಕೆಲವು ನೆತ್ತಿಯ ಮೇಲೆ. ನಂದಿಬೆಟ್ಟ ಬೆಂಗಳೂರಿನಿಂದ ಸುಮಾರು 60 ಕಿ.ಮೀ. ಅಷ್ಟು ದೂರ ತುಳಿದುಕೊಂಡೇ ಹೋಗಿ, ನಲವತ್ತು ತಿರುವು ಹತ್ತಿ, ಮತ್ತೆ ತುಳಿದುಕೊಂಡೇ ಮನೆಗೆ ಬರುವ ಗಟ್ಟಿಗರಿದ್ದಾರೆ. ಉಳಿದವರು ನಾವು, ಬೆಟ್ಟದ ಬುಡದವರೆಗೆ ಕಾರಿನಲ್ಲಿ ಹೋಗಿ ಅಲ್ಲಿಂದ ಸೈಕಲ್ಲು ಹತ್ತುವವರು. ನಮ್ಮನ್ನು ಹೊರಬೇಕಾದ ಗಾಡಿಯನ್ನು ಇನ್ನೊಂದು ಗಾಡಿಯ ಮೇಲೆ ಹೊರಿಸುವುದು ನಗೆಪಾಟಲು ಎಂದು ಗಟ್ಟಿಗರು ಆಡಿಕೊಳ್ಳುತ್ತಾರೆ. ಅದು ಬೇರೆ ಜಗಳ. ಹೊರಿಸುವುದೇ ಆದರೆ ನೆಟ್ಟಗೆ ಹೊರಿಸುತ್ತಿದ್ದೇವೆಯೇ ಎನ್ನುವುದಷ್ಟೇ ಇಲ್ಲಿನ ವಿಚಾರ.

ಹೊರಿಸದೆ ಬೇರೆ ದಾರಿಯಿಲ್ಲದ ಸಂದರ್ಭಗಳೂ ಹೆಚ್ಚುತ್ತಿವೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆಗೆ ಮೋಟಾರಿಲ್ಲದ ಗಾಡಿಗಳಿಗೂ ಪ್ರವೇಶವಿಲ್ಲ. ಸೈಕಲ್ಲಿಗೆ ಉಳಿದದ್ದು ಸರ್ವಿಸ್ ರಸ್ತೆ. ಅದರ ಗುಂಡಿ, ಎದುರುಗಡೆಯಿಂದ ನುಗ್ಗುವ ವಾಹನಗಳ ಸಹವಾಸ ಬೇಡವೆನ್ನುವವರು ಸೈಕಲ್ಲನ್ನು ಕಾರಿಗೆ ಕಟ್ಟಿಕೊಂಡು ಮೈಸೂರಿಗೆ ಹೋಗಿ, ಅಲ್ಲಿ ಇಳಿಸಿ ಸವಾರಿ ಮಾಡುತ್ತಾರೆ. ನೂರರ ವೇಗದಲ್ಲಿ ಓಡುವ ಕಾರಿನ ಬೆನ್ನಿಗೆ ಆತುಕೊಂಡ ಸೈಕಲ್ಲಿನ ಮೇಲೆ ಗಾಳಿ ಏನು ಮಾಡುತ್ತದೆಂದು ಯೋಚಿಸಿದವರು ಕಡಿಮೆ. ವೇಗ ಎರಡು ಪಟ್ಟಾದರೆ ಗಾಳಿಯ ದಬ್ಬಾಟ ನಾಲ್ಕು ಪಟ್ಟಾಗುತ್ತದೆ. ಊರೊಳಗೆ ಐವತ್ತರಲ್ಲಿ ಗಟ್ಟಿಯಾಗಿ ಕಂಡ ಕಟ್ಟು ಹೆದ್ದಾರಿಯಲ್ಲಿ ಬೇರೆಯದೇ ಪರೀಕ್ಷೆಗೆ ಕೂರುತ್ತದೆ.

ಈ ಕಟ್ಟುವ ವಿದ್ಯೆಯನ್ನು ನಾನು ಮೊದಲು ನೋಡಿದ್ದು ಬಸ್ಸಿನ ಮೇಲೆ. ಹೈಸ್ಕೂಲಿನ ದಿನಗಳಲ್ಲಿ ಅಪ್ಪನ ಹಳೇ ಸೈಕಲ್ಲನ್ನು ಅಜ್ಜಿಯ ಊರಿಗೆ ಸಾಗಿಸಬೇಕಾಗಿ ಬಂದಾಗ ಗೌರಿಬಿದನೂರಿನಲ್ಲಿ ಖಾಸಗಿ ಬಸ್ಸಿನ ಟಾಪಿಗೆ ಏರಿಸಿದೆವು. ಕ್ಲೀನರು ಹಿಂದಿನ ಏಣಿ ಹತ್ತಿ, ಒಂದೇ ಕೈಯಲ್ಲಿ ಸೈಕಲ್ಲು ಎಳೆದುಕೊಂಡು, ಅಡ್ಡ ಮಲಗಿಸಿದ. ಮಲಗಿಸುವ ಮುಂಚೆ ಚೈನು ಇರುವ ಮಗ್ಗುಲನ್ನು ಮೇಲೆ ಮಾಡಿದ. ಪೆಡಲು ಕಂಬಿಗೆ ತಾಗುವಲ್ಲಿ ಗೋಣಿಚೀಲ ಮಡಿಸಿಟ್ಟ. ನಾರಿನ ಹಗ್ಗವನ್ನು ಚೌಕಟ್ಟಿಗೆ ಎರಡು ಸುತ್ತು, ಮುಂದಿನ ಗಾಲಿಗೆ ಒಂದು ಸುತ್ತು ತಂದು ಟಾಪಿನ ಕಂಬಿಗೆ ಬಿಗಿದ. ಕೆಳಗಿನಿಂದ ನಾನು, "ಅಣ್ಣಾ, ಟ್ಯೂಬ್ ಐತೆ, ಕೊಡ್ಲಾ?" ಎಂದೆ. ಟ್ಯೂಬ್ ಹಾಕಿ ಬಿಗಿದದ್ದು ಬಲು ಗಟ್ಟಿ ಎಂದು ನನ್ನ ತಿಳಿವಳಿಕೆ. "ಟ್ಯೂಬು ಎಳೀತೈತೆ ಕಣೋ, ಹಗ್ಗ ಹಿಡೀತೈತೆ" ಎಂದ. ಆಮೇಲೆ ಸೀಟು ಹಿಡಿದು ಜೋರಾಗಿ ಜಗ್ಗಿದ. "ಸೈಕ್ಲು ಒಂದೇ ಅಲ್ಲಾಡುದ್ರೆ ಕಟ್ಟಿಲ್ಲ ಅಂತ. ಬಸ್ಸೂ ಜತೇಗೆ ಅಲ್ಲಾಡ್ಬೇಕು." ಏಣಿ ಇಳಿಯುತ್ತಾ ಇನ್ನೊಂದು ಮಾತು ಹೇಳಿದ. "ಇಳಿಯೋವಾಗ ಕೂಗು. ಮೇಲೆ ಐತೆ ಅನ್ನೋದು ನಂಗೆ ಮರ್ತೋದ್ರೂ ನಿಂಗೆ ಮರೀಬಾರ್ದು."

ಸೈಕಲ್ ಸಾಗಣೆಯ ಸಾಧನಗಳನ್ನು ತೂಗಲು ನನಗೆ ಇದಕ್ಕಿಂತ ಒಳ್ಳೆಯ ತಕ್ಕಡಿ ಸಿಕ್ಕಿಲ್ಲ. ಅಂಗಡಿಯಲ್ಲಿ ಮಾರುವವರು ಹೇಳುವುದೆಲ್ಲ ಸೈಕಲ್ಲು ಬೀಳದಿರುವ ಬಗ್ಗೆ. ಕ್ಲೀನರಿಗೆ ಮುಖ್ಯವಾದದ್ದು ಅಲುಗದಿರುವುದು. ಬೀಳುವುದು ಅಪರೂಪ, ಅಲುಗುವುದು ಪ್ರತಿ ಹಂಪಿನಲ್ಲೂ ನಡೆಯುತ್ತದೆ. ಬಣ್ಣ ಕಿತ್ತುಬರುವುದು, ಕಡ್ಡಿ ಬಾಗುವುದು, ಗೇರು ಕೆಡುವುದು, ಕಡೆಗೆ ಬೀಳುವುದೂ ಅಲುಗಾಟದಿಂದಲೇ ಶುರುವಾಗುವ ಕಾಯಿಲೆಗಳು.

ನಮ್ಮಲ್ಲಿ ಅತಿ ಹೆಚ್ಚು ಕಾಣಸಿಗುವುದು ಡಿಕ್ಕಿಯ ಬಾಗಿಲಿಗೆ ಪಟ್ಟಿಗಳಿಂದ ಬಿಗಿಯುವ ಸ್ಟ್ಯಾಂಡು. ಬೆಲೆ ಕಡಿಮೆ, ಬೇಡವಾದಾಗ ಮಡಿಸಿ ಇಡಬಹುದು, ಎತ್ತಿ ಹಾಕಲು ಬೆನ್ನು ನೋಯುವುದಿಲ್ಲ. ಇಷ್ಟು ಗುಣಗಳಿಗೆ ಅದು ತೆರುವ ದಂಡವೂ ದೊಡ್ಡದು. ಇಡೀ ಭಾರ ನಿಂತಿರುವುದು ಆರು ಪಟ್ಟಿಗಳ ತುದಿಯ ಕೊಕ್ಕೆಗಳ ಮೇಲೆ. ಕೊಕ್ಕೆ ಕೂರಬೇಕಾದದ್ದು ಬಾಗಿಲಿನ ತಗಡಿನ ಅಂಚಿನಲ್ಲಿ; ಈಗಿನ ಹ್ಯಾಚ್‌ಬ್ಯಾಕುಗಳ ನೆತ್ತಿಯಲ್ಲಿ ಪ್ಲಾಸ್ಟಿಕ್ ಸ್ಪಾಯ್ಲರು ಇರುವುದರಿಂದ ಮೇಲಿನ ಕೊಕ್ಕೆಗೆ ಸರಿಯಾದ ನೆಲೆಯೇ ಸಿಗುವುದಿಲ್ಲ. ಸಿಕ್ಕಿತೆಂದುಕೊಳ್ಳೋಣ. ತಲಾ ಹನ್ನೆರಡು ಕೆ.ಜಿ.ಯ ಎರಡು ಸೈಕಲ್ಲು ಬಾಗಿಲಿನಿಂದ ಒಂದು ಮೊಳ ಆಚೆ ತೂಗುತ್ತಿರುವಾಗ ಕಾರು ಗುಂಡಿಗೆ ಇಳಿದರೆ ಆ ಕ್ಷಣಕ್ಕೆ ಕೊಕ್ಕೆಗಳ ಪಾಲಿಗೆ ಅದು ಇಪ್ಪತ್ನಾಲ್ಕು ಕೆ.ಜಿ. ಅಲ್ಲ, ಅದರ ಎರಡು ಮೂರು ಪಟ್ಟು. ಪ್ರತಿ ಏಟಿಗೂ ನೈಲಾನ್ ಪಟ್ಟಿ ಕೂದಲೆಳೆಯಷ್ಟು ಸಡಿಲವಾಗುತ್ತದೆ. ಮನೆಯ ಮುಂದೆ ಕ್ಲೀನರ ಪರೀಕ್ಷೆಯಲ್ಲಿ ಪಾಸಾದ ಕಟ್ಟು ದೇವನಹಳ್ಳಿಯ ಹೊತ್ತಿಗೆ ಫೇಲಾಗಿರುತ್ತದೆ. ಹತ್ತು ಕಿ.ಮೀ. ಆದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯದಿದ್ದರೆ ಈ ಸ್ಟ್ಯಾಂಡನ್ನು ಬಳಸಲೇಬಾರದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಸೈಕಲ್ಲಿನ ಕಡೆಯಿಂದ ನೋಡಿದರೂ ಇದು ಒರಟು ಆತಿಥ್ಯ. ಚೌಕಟ್ಟಿನ ಮೇಲಿನ ಕೊಳವೆಯನ್ನು ತೋಳುಗಳ ಮೇಲೆ ನೇತುಹಾಕುವುದು ಇದರ ಕ್ರಮ. ಕಬ್ಬಿಣದ ಚೌಕಟ್ಟು ತಡೆದುಕೊಳ್ಳುತ್ತದೆ. ಕಾರ್ಬನ್ ಚೌಕಟ್ಟಿನ ಕೊಳವೆ ತುಳಿಯುವ ಭಾರಕ್ಕೆ ಗಟ್ಟಿ, ಹಿಂಡುವ ಬಿಗಿತಕ್ಕೆ ಮೆದು. ಮೇಲಿನ ಕೊಳವೆಯೇ ಇಲ್ಲದ ಲೇಡೀಸ್ ಸೈಕಲ್ಲಿಗೆ ಸೀಟಿನಿಂದ ಹ್ಯಾಂಡಲಿಗೆ ಬೇರೆಯೇ ಒಂದು ಸಲಾಕೆ ಬೇಕು. ಎರಡು ಸೈಕಲ್ಲು ಇದ್ದರೆ ಒಂದರ ಪೆಡಲು ಇನ್ನೊಂದರ ಕಡ್ಡಿಗಳೊಳಗೆ ತೂರಿಕೊಂಡು ದಾರಿಯುದ್ದಕ್ಕೂ ಕೆರೆಯುತ್ತಿರುತ್ತದೆ. ಕೆಳಗೆ ನೇತಾಡುವ ಗಾಲಿಯ ಟೈರು ಸೈಲೆನ್ಸರ್ ಕೊಳವೆಯ ಬಿಸಿಗೆ ಬೆಂದದ್ದನ್ನೂ ಕಂಡಿದ್ದೇನೆ.

ಇನ್ನು ರಸ್ತೆಯ ಮೇಲಿನ ಉಳಿದವರ ಪಾಡು. ಬ್ರೇಕ್ ದೀಪ, ಇಂಡಿಕೇಟರು, ನಂಬರ್ ಪ್ಲೇಟು ಮೂರೂ ಸೈಕಲ್ಲಿನ ಹಿಂದೆ ಅಡಗಿದರೆ ಹಿಂದಿನ ಚಾಲಕನಿಗೆ ನೀವು ಮೂಗರು. ಜರ್ಮನಿಯಲ್ಲಿ ಹೀಗೆ ಮುಚ್ಚಿಹೋದರೆ ಸ್ಟ್ಯಾಂಡಿನ ಮೇಲೆ ಇನ್ನೊಂದು ನಂಬರ್ ಪ್ಲೇಟು ಮತ್ತು ದೀಪ ಹಾಕಲೇಬೇಕು. ಅಲ್ಲಿನ ಸ್ಟ್ಯಾಂಡುಗಳು ಅದಕ್ಕೆ ಜಾಗ ಇಟ್ಟುಕೊಂಡೇ ಬರುತ್ತವೆ. ನಮ್ಮ ಎಚ್‌ಎಸ್‌ಆರ್‌ಪಿ ಫಲಕ ಒಮ್ಮೆ ಕೂರಿಸಿದರೆ ಬಿಚ್ಚಲಾಗದ ಲಾಕಿನದು, ಅದನ್ನು ತೆಗೆದು ಸ್ಟ್ಯಾಂಡಿಗೆ ಹಾಕುವ ಮಾತಿಲ್ಲ. ಅಗಲದ ಲೆಕ್ಕವೂ ಇದೆ. ಸ್ವಿಫ್ಟ್ ಕಾರಿನ ಅಗಲ 1,735 ಮಿ.ಮೀ. ಇಪ್ಪತ್ತೊಂಬತ್ತು ಇಂಚಿನ ಗಾಲಿಯ ಎಂಟಿಬಿ ಸೈಕಲ್ಲು ಅದಕ್ಕಿಂತ ಉದ್ದ. ಅಡ್ಡ ಕಟ್ಟಿದರೆ ಗಾಲಿ ಪಕ್ಕಕ್ಕೆ ಚಾಚುತ್ತದೆ, ಸಂದಿಯಲ್ಲಿ ನುಗ್ಗುವ ಬೈಕಿನವನ ಮೊಣಕಾಲಿನ ಎತ್ತರಕ್ಕೆ ಸರಿಯಾಗಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 194(1ಎ) ಕಲಮು ವಾಹನದ ಮೈ ಮೀರಿ ಹೊರಚಾಚಿದ ಹೊರೆಗೆ 20,000 ರೂಪಾಯಿ ದಂಡ ಇಟ್ಟಿದೆ. ಮುಂದಿನ ಗಾಲಿ ಬಿಚ್ಚಿ ಒಳಗಿಟ್ಟರೆ ಮುಗಿಯುವ ಸಮಸ್ಯೆ ಇದು. ಆದರೂ ಬಿಚ್ಚುವವರು ಅಪರೂಪ.

ಎರಡನೆಯದು ನೆತ್ತಿಯ ಮೇಲಿನ ಹಳಿ. ಸ್ವೀಡನ್ನಿನ ಥೂಲೆ ಕಂಪನಿ 1942ರಲ್ಲಿ ಹುಟ್ಟಿದ್ದು ಮೀನು ಹಿಡಿಯುವ ಬೋನು ಮಾಡಿಕೊಂಡು. ಕಾರಿನ ಮೇಲೆ ಸಾಮಾನು ಹೊರಿಸುವ ಕಸುಬಿಗೆ ಬಂದದ್ದು 1960ರ ದಶಕದಲ್ಲಿ. ಈ ವಂಶದ ಸಾಧನಗಳಲ್ಲಿ ಸೈಕಲ್ಲು ನೆಟ್ಟಗೆ ನಿಲ್ಲುತ್ತದೆ, ಗಾಲಿಗಳು ಹಳಿಯಲ್ಲಿ ಕೂರುತ್ತವೆ, ಒಂದು ತೋಳು ಚೌಕಟ್ಟನ್ನೋ ಫೋರ್ಕನ್ನೋ ಹಿಡಿಯುತ್ತದೆ. ಜಗ್ಗಿ ನೋಡಿ: ಕಾರೂ ಜೊತೆಗೆ ಅಲ್ಲಾಡುತ್ತದೆ. ನಂಬರ್ ಪ್ಲೇಟಿಗೆ ಅಡ್ಡಿಯಿಲ್ಲ, ದೀಪಕ್ಕೆ ಅಡ್ಡಿಯಿಲ್ಲ, ಒಂದು ಸೈಕಲ್ಲು ಇನ್ನೊಂದಕ್ಕೆ ತಾಗುವುದಿಲ್ಲ. ಕಟ್ಟಿನ ದೃಷ್ಟಿಯಿಂದ ಇದು ಮೇಲ್ದರ್ಜೆಯದು, ಅನುಮಾನವಿಲ್ಲ.

ಆದರೆ ಕಟ್ಟುವುದು ಯಾವುದಕ್ಕೆ? ನಮ್ಮಲ್ಲಿ ಮಾರಾಟವಾಗುವ ಎಷ್ಟೋ ಕಾರುಗಳ ಮೇಲಿನ ರೂಫ್ ರೇಲು ಬರೀ ಅಲಂಕಾರ, ಅಂಟಿಸಿದ ಪ್ಲಾಸ್ಟಿಕ್ಕು. ಅದಕ್ಕೆ ಅಡ್ಡಪಟ್ಟಿ ಬಿಗಿದು ಸೈಕಲ್ಲು ನಿಲ್ಲಿಸುವುದು ಕಾಗದದ ದೋಣಿಯಲ್ಲಿ ಕಾವೇರಿ ದಾಟಿದಂತೆ. ಚಾವಣಿ ಹೊರಬಹುದಾದ ಭಾರ ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 50ರಿಂದ 75 ಕೆ.ಜಿ.; ಪಟ್ಟಿ, ಹಳಿಗಳ ತೂಕವೂ ಅದರಲ್ಲೇ ಸೇರಿದ್ದು. ಕಾರಿನ ಕೈಪಿಡಿಯಲ್ಲಿ ಇದನ್ನು ಬರೆದಿರುತ್ತಾರೆ, ಓದುವವರಿಲ್ಲ.

ಇನ್ನೊಂದು ದೋಷ ಹಳಿಯದಲ್ಲ, ನಮ್ಮ ತಲೆಯದು. ಕಾರು ಒಂದೂವರೆ ಮೀಟರು, ಅದರ ಮೇಲೆ ಸೈಕಲ್ಲು ಒಂದು ಮೀಟರು ಚಿಲ್ಲರೆ. ಬೇಸ್‌ಮೆಂಟಿನ ಬಾಯಲ್ಲಿ ತೂಗುವ ಅಡ್ಡಪಟ್ಟಿಯ ಮೇಲೆ 2.1 ಎಂದೋ 2.2 ಎಂದೋ ಬರೆದಿರುತ್ತದೆ. ಒಂದು ಭಾನುವಾರ ನಂದಿಯಿಂದ ಬಂದು, ಹೊಟ್ಟೆ ಹಸಿದು, ಇಡ್ಲಿಯ ಯೋಚನೆಯಲ್ಲೇ ನಮ್ಮ ಅಪಾರ್ಟ್‌ಮೆಂಟಿನ ಇಳಿಜಾರಿಗೆ ಕಾರು ತಿರುಗಿಸಿದೆ. ವಾಚ್‌ಮನ್ ಕುರ್ಚಿ ಬಿಟ್ಟು ಓಡಿಬರುತ್ತಾ "ಸಾ, ಮೇಲೆ! ಮೇಲೆ ಸೈಕ್ಲು!" ಎಂದು ಕೂಗಿದ್ದು ಕೇಳಿಸಿತು. ಅವರ ದನಿಗಿಂತ ಅರ್ಧ ಸೆಕೆಂಡು ಮುಂಚೆ ತೊಲೆಯ ಸದ್ದು ಕೇಳಿಸಿತ್ತು. ಹ್ಯಾಂಡಲು ತಿರುಚಿಕೊಂಡಿತು, ಸೀಟಿನ ಕೊಳವೆ ಬಾಗಿತು. ಹಳಿ ಮಾತ್ರ ಸೈಕಲ್ಲನ್ನು ಬಿಡಲೇ ಇಲ್ಲ. ಬಿಗಿದ ಕಟ್ಟು ಅಷ್ಟು ಚೆನ್ನಾಗಿದ್ದುದರಿಂದಲೇ ಕಾರಿನ ಚಾವಣಿಯ ತಗಡೂ ಜೊತೆಗೆ ಎದ್ದುಬಂತು. ಕ್ಲೀನರ ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ನೂರು, ಎರಡನೆಯದರಲ್ಲಿ ಸೊನ್ನೆ.

ಟೋ ಹುಕ್ಕಿನ ಮೇಲೆ ಕೂರುವ ವೇದಿಕೆಯನ್ನು ಯುರೋಪು, ಅಮೆರಿಕದವರು ಶ್ರೇಷ್ಠವೆನ್ನುತ್ತಾರೆ. ಭಾರ ಕಾರಿನ ಚಾಸಿಗೆ ಸೇರುತ್ತದೆ, ಎತ್ತರದ ಭಯವಿಲ್ಲ, ಇಪ್ಪತ್ತು ಕೆ.ಜಿ. ದಾಟುವ ಬ್ಯಾಟರಿ ಸೈಕಲ್ಲಿಗೂ ಅದೇ ಸೈ. ನಮ್ಮ ಕಾರುಗಳಿಗೆ ಆ ಹುಕ್ಕೇ ಅಪರೂಪವಾದ್ದರಿಂದ ಸದ್ಯಕ್ಕೆ ಅದು ಊಟಕ್ಕಿಲ್ಲದ ಉಪ್ಪಿನಕಾಯಿ. ಥಾರ್‌ನಂತೆ ಹಿಂಬಾಗಿಲಲ್ಲಿ ಸ್ಟೆಪ್ನಿ ಹೊತ್ತ ಗಾಡಿಯವರಿಗೆ ಮಾತ್ರ ಸ್ಟೆಪ್ನಿಗೆ ಬಿಗಿಯುವ ಸ್ಟ್ಯಾಂಡು ಅದರ ಬಡ ನೆಂಟನಂತೆ ಒದಗುತ್ತದೆ.

ಯಾರೂ ಜಾಹೀರಾತು ಕೊಡದ, ಏಕೆಂದರೆ ಮಾರಲು ಏನೂ ಇಲ್ಲದ, ಮೂರನೆಯ ವಿಧಾನ ಕಾರಿನ ಒಳಗಿದೆ. ಹಿಂದಿನ ಸೀಟು ಮಡಿಸಿ, ಹಳೇ ಬೆಡ್‌ಶೀಟು ಹಾಸಿ, ಮುಂದಿನ ಗಾಲಿ ಕಳಚಿ ಸೈಕಲ್ಲನ್ನು ಮಲಗಿಸುವುದು. ಇಟಲಿಯ ಟುಲ್ಲಿಯೊ ಕಂಪಾಗ್ನೊಲೊ ಹೆಸರಿನೊಂದಿಗೆ ಸೇರಿಹೋದ ಕ್ವಿಕ್ ರಿಲೀಸ್ ಕೀಲಿನಿಂದಾಗಿ ಗಾಲಿ ಬಿಚ್ಚಲು ಪಾನ ಬೇಡ, ಒಂದು ನಿಮಿಷ ಸಾಕು. ಚೈನಿನ ಮಗ್ಗುಲು ಮೇಲಿರಬೇಕು. ಆ ಬಸ್ಸಿನ ಕ್ಲೀನರಿಗೆ ಗೇರಿನ ಸೈಕಲ್ಲು ಗೊತ್ತಿರಲಿಲ್ಲ, ಆದರೆ ಸೂತ್ರ ಅದೇ. ಗೇರು ಬದಲಿಸುವ ಡಿರೇಲರು ತೂಗುವ ಅಲ್ಯೂಮಿನಿಯಂ ಕಿವಿ ಬೇಕೆಂದೇ ಮೆದುವಾಗಿ ಮಾಡಿದ್ದು, ಏಟು ಬಿದ್ದರೆ ಚೌಕಟ್ಟಿನ ಬದಲು ತಾನು ಬಾಗಲಿ ಎಂದು. ಸೈಕಲ್ಲಿನ ಭಾರವೆಲ್ಲ ಅದರ ಮೇಲೆ ಕೂತರೆ ಬೆಟ್ಟದ ಬುಡದಲ್ಲಿ ಗೇರು ತಾನಾಗಿ ಹಾರಲು ಶುರು. ಹೈಡ್ರಾಲಿಕ್ ಡಿಸ್ಕ್ ಬ್ರೇಕಿದ್ದರೆ ಪ್ಯಾಡುಗಳ ನಡುವೆ ಮಡಿಸಿದ ರಟ್ಟಿನ ಚೂರು ಇಡಬೇಕು. ಗಾಲಿಯಿಲ್ಲದಾಗ ಮಗುವೋ ಚೀಲವೋ ಲಿವರು ಒತ್ತಿದರೆ ಪ್ಯಾಡುಗಳು ಮುಖಾಮುಖಿ ಕಚ್ಚಿಕೊಳ್ಳುತ್ತವೆ, ಆಮೇಲೆ ಡಿಸ್ಕು ಒಳಗೆ ಹೋಗುವುದಿಲ್ಲ. ಕೊನೆಗೆ ಎಲ್ಲರೂ ಬಿಟ್ಟುಬಿಡುವ ಕೆಲಸ: ಸೀಟ್ ಬೆಲ್ಟನ್ನೋ ಹಗ್ಗವನ್ನೋ ಚೌಕಟ್ಟಿನೊಳಗೆ ತೂರಿಸಿ ಬಿಗಿಯುವುದು. ಕಾರಿನ ಒಳಗಿದೆ ಎಂದ ಮಾತ್ರಕ್ಕೆ ಕಟ್ಟಿದೆ ಎಂದಲ್ಲ. ಜೋರು ಬ್ರೇಕಿಗೆ ಹನ್ನೆರಡು ಕೆ.ಜಿ. ಲೋಹ ಮುಂದಕ್ಕೆ ಹಾರಿಬಂದರೆ ಅದರ ದಾರಿಯಲ್ಲಿರುವುದು ಚಾಲಕನ ಕತ್ತು.

ಇದರ ಕೊರತೆ ಸ್ಪಷ್ಟ. ಎರಡು ಸೈಕಲ್ಲು, ಇಬ್ಬರು ಜನ, ಅಲ್ಲಿಗೆ ಮುಗಿಯಿತು. ನಾಲ್ಕು ಜನರ ಸಂಸಾರ ಹೊರಟರೆ ನಡೆಯುವುದಿಲ್ಲ. ಗ್ರೀಸು ಸೀಟಿಗೆ ಅಂಟಿ ಮನೆಯವರಿಂದ ಬೈಗುಳವೂ ಸಿಗುತ್ತದೆ. ಆದರೆ ಗಾಳಿ, ಗುಂಡಿ, ಕಳ್ಳ, ಕಾಯ್ದೆ, ತೊಲೆ ಐದರಿಂದಲೂ ಒಮ್ಮೆಗೇ ಪಾರಾಗಿಸುವ ದಾರಿ ಬೇರೊಂದಿಲ್ಲ. ಒಬ್ಬರೋ ಇಬ್ಬರೋ ಹೋಗುವುದಾದರೆ ನನ್ನ ಮತ ಇದಕ್ಕೇ. ಜನ ಹೆಚ್ಚಿದ್ದು ಕಾರಿಗೆ ನಿಜವಾದ ಆಧಾರ ಬಿಂದುಗಳಿದ್ದರೆ ನೆತ್ತಿಯ ಹಳಿ. ಪಟ್ಟಿಯ ಸ್ಟ್ಯಾಂಡಿಗೆ ಕೊನೆಯ ಜಾಗ, ಅದೂ ಹತ್ತಿರದ ಊರಿಗೆ, ಎಂಬತ್ತು ದಾಟದ ವೇಗಕ್ಕೆ, ನಿಲ್ಲಿಸಿ ಬಿಗಿಯುವ ತಾಳ್ಮೆಯಿದ್ದವರಿಗೆ.

ಮೂವರು ಹೊರಟ ದಿನ ನಾನೂ ಹಳಿಯನ್ನೇ ಹಾಕುತ್ತೇನೆ. ಸೈಕಲ್ಲು ಏರಿಸಿ, ಸೀಟು ಹಿಡಿದು ಜಗ್ಗಿ, ಕಾರು ಅಲ್ಲಾಡಿದ ಮೇಲೆ ಒಂದು ಗೇಣುದ್ದ ನಾರಿನ ಹಗ್ಗವನ್ನು ಸ್ಟೇರಿಂಗಿಗೆ ಗಂಟು ಹಾಕುತ್ತೇನೆ. ಪ್ರತಿ ತಿರುವಿನಲ್ಲೂ ಅದು ಅಂಗೈಗೆ ಚುಚ್ಚುತ್ತದೆ. ಸೈಕಲ್ಲು ಕೆಳಗಿಳಿದ ಮೇಲೆಯೇ ಅದನ್ನು ಬಿಚ್ಚುವುದು.