ತಾಯಿ ಕಾರ್ಡಿನ ಮೊದಲ ತಾರೀಖು

"ಸೀಗಿ ಹುಣ್ಣಿಮಿ ಆಗಿ ನಾಕು ದಿನಕ್ಕ ಹೊರಗಾಗಿದ್ದೆ ನೋಡ್ರಿ ಅಕ್ಕಾರ." ನವಲಗುಂದದ ಎರಿ ಸೀಮೆಯಲ್ಲಿ ಗರ್ಭಿಣಿ ಕೊನೆಯ ಮುಟ್ಟಿನ ದಿನ ಹೇಳುವುದು ಹೀಗೂ ಉಂಟು. ಆಶಾ ಕಾರ್ಯಕರ್ತೆ ಪಡಸಾಲೆಯ ಗೋಡೆಯ ಕ್ಯಾಲೆಂಡರ್ ತಿರುವಿ ಅದನ್ನು ತಾರೀಖು ಮಾಡಿ, ಗರ್ಭಿಣಿಯ ತಪಾಸಣೆ ದಾಖಲಿಸುವ ತಾಯಿ ಕಾರ್ಡಿನಲ್ಲಿ ಬರೆಯುತ್ತಾಳೆ. 280 ದಿನ ಕೂಡಿಸಿದರೆ ಹೆರಿಗೆಯ ಅಂದಾಜು. ಕಾರ್ಡಿನಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಎಲ್ಲಕ್ಕೂ ಜಾಗವಿದೆ. ಹಿಮೋಗ್ಲೋಬಿನ್ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಇಳಿದರೆ ತೀವ್ರ. ಈ ಅಳತೆಗಳನ್ನೆಲ್ಲ ಯಂತ್ರ ಮಾಡುತ್ತದೆ. ನನ್ನ ಮೆಚ್ಚುಗೆ ಆ ಮೊದಲ ತಾರೀಖಿಗೆ: ಅದು ತಪ್ಪಿದರೆ ತಪಾಸಣೆಗಳ ಸರದಿಯೇ ಜಾರುತ್ತದೆ. (ಸ್ಕ್ಯಾನಿಂಗ್ ಆಮೇಲೆ ತಿದ್ದೀತು, ಬೇಗ ಮಾಡಿಸಿದರೆ.) ವೈದ್ಯಕೀಯ ಮಾಹಿತಿ ವಿಜ್ಞಾನದ ವಿದ್ಯಾರ್ಥಿಗಳೂ ಮೇಷ್ಟ್ರುಗಳೂ ಕಂಪ್ಯೂಟರಿನಲ್ಲಿ ಜಾಲಾಡುವ ದತ್ತಾಂಶ ಹುಟ್ಟುವುದು ಇಂಥ ಪಡಸಾಲೆಗಳಲ್ಲೇ. ಧಾರವಾಡಕ್ಕೆ 2015ರಲ್ಲಿ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ (ಐಐಐಟಿ) ಬಂತು. ಅಲ್ಲಿಂದ ನವಲಗುಂದಕ್ಕೆ ದೂರವೇನಿಲ್ಲ. ಐಐಐಟಿಯ ಹುಡುಗರು ಒಂದು ಮಧ್ಯಾಹ್ನ ಆಶಾ ಅಕ್ಕನ ಜೊತೆ ಮನೆಮನೆ ತಿರುಗಲಿ.